ಒಗೆಯುವ ಕಲ್ಲನ್ನು ಬಸ್ಸಿನ ನಿಲ್ದಾಣದಲ್ಲಿ ಹೂಳಿದ ವಿಷಯದ ಬಗ್ಗೆ

ಓದುವವರಲ್ಲಿ ಅರಿಕೆ. ನಾನು ಈವರೆಗೆ ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ಲೋಪವಿದ್ದಲ್ಲಿ ಮನ್ನಿಸಬೇಕು.

ನಾನು ತಾಳ್ಯ ಹೋಬಳಿಯ ಒಂದು ಹಳ್ಳಿಯ ನಿವಾಸಿ. ಬಾಲ್ಯದಲ್ಲಿ ಬಂದ ಜ್ವರದ ಕಾರಣ ನನ್ನ ಬಲಗಾಲಿಗೆ ಶಕ್ತಿಯಿಲ್ಲ. ಊರುಗೋಲಿನ ಸಹಾಯದಿಂದ ನಡೆಯುತ್ತೇನೆ. ಹೊಳಲ್ಕೆರೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಅರ್ಜಿ ಟೈಪ್ ಮಾಡುವ ಕೆಲಸದಲ್ಲಿದ್ದೆ. ವೇಳೆಗೆ ಸರಿಯಾಗಿ ತಲುಪಿಸುವ ಬಸ್ಸು ಬೆಳಿಗ್ಗೆ ಒಂದೇ. ಅದರಲ್ಲಿ ಅಂಗವಿಕಲರಿಗೆಂದು ಬರೆದ ಸೀಟು ಇರುತ್ತದೆ. ನನ್ನ ಬಳಿ ಪಾಸು ಸಹ ಇದೆ. ಆದರೆ ಸದರಿ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲಿದೆ. ಅವ್ವ ದಿನವೂ ಎತ್ತಿ ಹತ್ತಿಸುತ್ತಿದ್ದಳು. ಅವಳ ಸೊಂಟ ಹಿಡಿದುಕೊಂಡ ಮೇಲೆ ನಾನು ಮೂರು ದಿನ ತಡವಾಗಿ ಹೋದೆ.

"ಇನ್ನೊಂದ್ಸಲ ಲೇಟಾದ್ರೆ ಬರಬ್ಯಾಡಮ್ಮ, ಬೇರೇರ್ನ ನೋಡ್ಕಂತೀನಿ" ಎಂದು ಅಂಗಡಿಯವರು ತಿಳಿಸಿದರು.

ಅಂದೇ ಸಂಜೆ ಅಪ್ಪ ಹಿತ್ತಲಿನಲ್ಲಿದ್ದ ಬಟ್ಟೆ ಒಗೆಯುವ ಕಲ್ಲನ್ನು ಹಾರೆಯಿಂದ ಎಬ್ಬಿಸಿ, ಗಾಡಿಯಲ್ಲಿ ಸಾಗಿಸಿ, ಬಸ್ಸು ನಿಲ್ಲುವ ಬೇವಿನ ಮರದ ಮುಂದೆ ರಸ್ತೆಯಂಚಿನಲ್ಲಿ ಹೂಳಿದರು. ಅದರ ಮೇಲೆ ನಿಂತರೆ ಮೆಟ್ಟಿಲು ಕಾಲಿಗೆ ಸಿಗುತ್ತಿತ್ತು. ಅಂದಿನಿಂದ ಅವ್ವ ನೆಲಕ್ಕೆ ಬಗ್ಗಿ ಬಟ್ಟೆ ಒಗೆದಳು.

ಡ್ರೈವರ್ ಮೊದಮೊದಲು ಕಲ್ಲು ದಾಟಿ ನಿಲ್ಲಿಸುತ್ತಿದ್ದರು.

"ಹಿಂದಕ್ ತಗಳಪ್ಪ, ನಮ್ಮಕ್ಕನ ಸಿಂಹಾಸನ ಅಲ್ಲೈತೆ" ಎಂದು ಕಂಡಕ್ಟರ್ ಕೂಗುತ್ತಿದ್ದರು.

"ಸಿಂಹಾಸನ ಕುಂತ್ಕಳಾಕೆ ಕಣಣ್ಣ, ತುಳಿಯಾಕಲ್ಲ" ಎಂದು ನಾನು ಒಮ್ಮೆ ಹೇಳಿದ್ದುಂಟು. ಬಸ್ಸಿನಲ್ಲಿದ್ದವರು ನಕ್ಕರು.

ತರುವಾಯ ಅವ್ವನ ಸೊಂಟದ ಚಿಕಿತ್ಸೆಗಾಗಿ, ಅಂಗಡಿಯವರ ಅನುಮತಿ ಪಡೆದು, ಹದಿನೈದು ದಿನ ಚಿತ್ರದುರ್ಗದಲ್ಲಿ ಇರಬೇಕಾಯಿತು. ಆ ಅವಧಿಯಲ್ಲಿ ಬ್ರೇಕು ಹಿಡಿಯದ ಟ್ರ್ಯಾಕ್ಟರೊಂದು ಬೇವಿನ ಮರದ ಕಡೆಗೆ ನುಗ್ಗಿ, ಈ ಕಲ್ಲಿಗೆ ತಗುಲಿ ನಿಂತಿತಂತೆ. ಮರದಡಿ ಕುಳಿತಿದ್ದವರಿಗೆ ಏನೂ ಆಗಲಿಲ್ಲ. ನಾನು ಕೆಲಸಕ್ಕೆ ಹೊರಟ ದಿನ ನೋಡಿದರೆ, ಕಲ್ಲಿನ ಮೇಲೆ ಮೂರು ಗೆರೆ ವಿಭೂತಿ, ಕುಂಕುಮ, ಕಣಗಿಲೆ ಹೂವು.

ಬಸ್ಸು ಬಂದು ಸರಿಯಾಗಿ ಕಲ್ಲಿನ ಮುಂದೆಯೇ ನಿಂತಿತು. ನಾನು ಎಡಗಾಲನ್ನು ಎತ್ತಿದ್ದೆ. ಟ್ರ್ಯಾಕ್ಟರು ನುಗ್ಗಿದ ದಿನ ಮರದಡಿ ಕುಳಿತಿದ್ದವರಲ್ಲೊಬ್ಬಳಾದ ನಮ್ಮ ಬೀದಿಯ ಅಜ್ಜಿ ನನ್ನ ತೋಳು ಹಿಡಿದಳು.

"ಕಾಲಿಡಬ್ಯಾಡವ್ವ, ನಮ್ ಜೀವ ಉಳಿಸೈತೆ."

"ಅಜ್ಜಿ, ಇದು ನಮ್ಮನೆ ಬಟ್ಟೆ ಒಗಿಯೋ ಕಲ್ಲು."

"ಗೊತ್ತೈತೆ ಬಿಡು, ನಾನೂ ಅದರ್ ಮ್ಯಾಲೆ ಕೌದಿ ಒಗ್ದೀನಿ. ಆವಾಗ ಕಲ್ಲು, ಈಗ ದೇವ್ರು."

ಕಾಲನ್ನು ಕೆಳಗಿಳಿಸಿದೆ. ಇಬ್ಬರು ಹೆಂಗಸರು ಬಾಗಿಲಿನಿಂದ ಕೈ ಹಿಡಿದು ಎಳೆದರು. ಊರುಗೋಲು ಜಾರಿತು, ಬಿದ್ದೆ. ಕಂಡಕ್ಟರ್ ಇಳಿದು ಎತ್ತಿ ಮರದಡಿ ಕೂರಿಸಿ, "ಟೈಮಾತಕ್ಕ" ಎಂದಷ್ಟೇ ಹೇಳಿ ಸೀಟಿ ಊದಿದರು. ಡ್ರೈವರ್ ಕಲ್ಲಿಗೆ ಕೈ ಮುಗಿದು ಬಸ್ಸನ್ನು ಮುಂದಕ್ಕೆ ಬಿಟ್ಟರು.

ಮಧ್ಯಾಹ್ನ ಅಂಗಡಿಯವರು ಫೋನಿನಲ್ಲಿ, ಬೇರೊಬ್ಬರನ್ನು ಗೊತ್ತು ಮಾಡಿಕೊಂಡಿರುವುದಾಗಿ ತಿಳಿಸಿದರು. ನಾನು ಆಗಲಿ ಎಂದೆ. ಅಳು ಬಂದಿತೆಂದು ಬರೆಯಲು ಆಧಾರವಿಲ್ಲ. ಮೊಣಕೈಗೆ ಅಂಟಿದ್ದ ಕುಂಕುಮವನ್ನು ತೊಳೆದುಕೊಂಡೆ.

"ಇನ್ನೊಂದು ಕಲ್ಲು ತರಾಣೇನು?" ಎಂದು ಅಪ್ಪ ಕೇಳಿದರು.

"ಎಲ್ಲಿ ಹೂಳ್ತೀಯಪ್ಪ? ಬಸ್ಸು ಅಲ್ಲೇ ನಿಲ್ಲಾದು" ಎಂದೆ.

ಬಸ್ಸು ಈಗಲೂ ಪ್ರತಿದಿನ ಸದರಿ ಕಲ್ಲಿನ ಮುಂದೆಯೇ, ಒಂದು ಗೇಣೂ ತಪ್ಪದೆ ನಿಲ್ಲುತ್ತಿದೆ. ಪಾಸಿನ ಅವಧಿ ಇನ್ನೂ ಮುಗಿದಿರುವುದಿಲ್ಲ.