ಬೇವಿನ ಮರದ ಕೊಡಲಿಗಳು

ದೇವದುರ್ಗದ ಆಚೆ ನಮ್ಮ ಬಸ್ಸು ಪಂಕ್ಚರಾಗಿ ನಿಂತ ಊರಲ್ಲಿ, ಕಟ್ಟೆಯ ಬೇವಿನ ಮರಕ್ಕೆ ನಾಲ್ಕು ಕೊಡಲಿಗಳನ್ನು ನೇತುಹಾಕಿದ್ದರು. ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷೆ ಹನುಮವ್ವ ಅಲ್ಲೇ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು.

"ಗುಡ್ಡದಾಗ ಹಸಿ ಗಿಡ ಕಡದವರ ಕೊಡ್ಲಿ ರೀ ಇವು. ಮಳಿ ಬೀಳೋತನಕ ಇಲ್ಲೇ ಇರ್ತಾವ," ಎಂದಳು.

"ಆ ಹೊಸದು ಯಾರದು?" ಎಂದು ಕೇಳಿದೆ.

"ಫಾರೆಸ್ಟ್ ಗಾರ್ಡ್ ಸಾಹೇಬ್ರದು. ಬೇಲಿ ಗೂಟಕ್ಕಂತ ಕಡಿಯಾಕತ್ತಿದ್ರು, ಕಸ್ಕೊಂಡ್ವಿ."

ನಾನು ದಂಗಾದೆ. ಗಾರ್ಡನ ಕೈಯಿಂದಲೇ ಕೊಡಲಿ! ನಮ್ಮೂರಲ್ಲಿ ಗಾರ್ಡನ ಸೈಕಲ್ ಬೆಲ್ ಕೇಳಿದರೇ ಹೆಂಗಸರು ಸೌದೆ ಬಿಸಾಡಿ ಓಡುತ್ತಿದ್ದರು.

ಅಷ್ಟರಲ್ಲಿ ಖಾಕಿ ತೊಟ್ಟು ಆ ಗಾರ್ಡೇ ಬಂದ. ನಾನು ಗಾಬರಿಯಿಂದ ಎದ್ದು ನಿಂತೆ. ಹನುಮವ್ವ ಏಳಲಿಲ್ಲ. ಆತ ಮರದತ್ತ ನೋಡಿ ತಲೆ ಕೆರೆದುಕೊಂಡ.

"ಯವ್ವಾ, ಮೊನ್ನಿ ನಾಕು ಹನಿ ಬಿತ್ತಲ್ಲ, ಅದು ಮಳಿ ಅಲ್ಲೇನು?"