ಫ್ಯೂಸ್ ಕೀಳದೆ ಹೊರಗೆ ಬರುವುದು

ನಿಮ್ಮೊಬ್ಬರಿಗೇ ಹೇಳುತ್ತೇನೆ, ಬೇರೆಯವರ ಕಿವಿಗೆ ಹಾಕಬೇಡಿ. ಹೊನ್ನಾಳಿಯಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಪಾಠ ಹೇಳಿದ ನಾನು, ಫೈಲು ತಿದ್ದುವ ವಿಐ ಎಂಬ ಎಡಿಟರನ್ನು ಮೊದಲ ಸಲ ತೆರೆದಾಗ ಹೊರಗೆ ಬರಲು ಗೊತ್ತಾಗದೆ ಪ್ಲಗ್ ಕಿತ್ತಿದ್ದೆ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಮೆನು ಇಲ್ಲ, ಮೌಸ್‌ಗೆ ಕೆಲಸವಿಲ್ಲ. ಬಾಗಿಲೇ ಇಡದೆ ಮನೆ ಕಟ್ಟಿದ ಪುಣ್ಯಾತ್ಮ ಯಾರಪ್ಪಾ ಎಂದು ಬೈದುಕೊಂಡಿದ್ದೆ.

ಈಗ ಅದೇ ವಿಐ ಪರವಾಗಿ ವಕಾಲತ್ತು ವಹಿಸಿದ್ದೇನೆ. ಕಾರಣ ಸಂತೇಬೆನ್ನೂರಿನ ಗಂಗಮ್ಮ. ಅವರದು ಮೆಣಸಿನ ಸಸಿಗಳ ನರ್ಸರಿ. ಹೊತ್ತುಹೊತ್ತಿಗೆ ತಾನೇ ಮೋಟರ್ ಹಾಕಿ ಸಸಿಗೆ ನೀರು ಚಿಮುಕಿಸುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ನಾನು ಕೂಡಿಸಿಕೊಟ್ಟಿದ್ದೆ. ತ್ರೀ ಫೇಸ್ ಕರೆಂಟು ನಮ್ಮಲ್ಲಿ ಪಾಳಿಯ ಮೇಲೆ ಬರುತ್ತದಲ್ಲ. ಈ ವಾರ ಬೆಳಿಗ್ಗೆ, ಮುಂದಿನ ವಾರ ಮಧ್ಯಾಹ್ನ. ಪಾಳಿ ಬದಲಾದಾಗೆಲ್ಲ ಪೆಟ್ಟಿಗೆಯೊಳಗಿನ ಫೈಲಿನಲ್ಲಿ ಸಮಯ ತಿದ್ದಬೇಕು. ಅದಕ್ಕೆಂದು ಚಂದದ ಮೊಬೈಲ್ ಆಪ್ ಮಾಡಿಕೊಟ್ಟೆ. ನೆಟ್‌ವರ್ಕ್ ಹೋದರೆ ಅದು ಸುಮ್ಮನೆ ಗರಗರ ತಿರುಗುತ್ತಿತ್ತು. ಕೊನೆಗೆ ಹಳೇ ಕೀಬೋರ್ಡು, ಹಳೇ ಪರದೆ ಜೋಡಿಸಿ ವಿಐ ಕಲಿಸಿದೆ. ಅದಕ್ಕೆ ನೆಟ್‌ವರ್ಕೂ ಬೇಡ, ನಾಜೂಕೂ ಬೇಡ.

ಏಪ್ರಿಲ್‌ನ ಒಂದು ಬೆಳಿಗ್ಗೆ ಎಂಟಕ್ಕೆ ಗಂಗಮ್ಮನ ಫೋನು. "ಮೇಷ್ಟ್ರೇ, ಟೈಮ್ ಎಲ್ಲಾ ತಿದ್ದಿದೆ. ಹೊರಗೆ ಬರಾಕೆ ಆಗ್ಲಿಲ್ಲ. ಫ್ಯೂಸ್ ಕಿತ್ತೆ."

ನಕ್ಕುಬಿಟ್ಟೆ. ಮೋಟರ್ ತಕರಾರು ಮಾಡಿದರೆ ಫ್ಯೂಸ್ ಕೀಳುವುದು ನಮ್ಮ ಕಡೆ ಕೈಗೆ ಹತ್ತಿದ ಅಭ್ಯಾಸ. ಆದರೆ ಅವರು ನಗಲಿಲ್ಲ.

"ಇವತ್ತು ಜಗಳೂರಾಗೆ ಮಗಳ ಸೀಮಂತ ಐತೆ ರೀ. ಮನೆಯವ್ರೆಲ್ಲ ನಿನ್ನೇನೇ ಹೋದ್ರು. ನಂಗೆ ಒಂಬತ್ತರ ಬಸ್ಸು. ಇದು ಸರಿ ಹೋಗ್ಲಿಲ್ಲ ಅಂದ್ರೆ ನಾನು ಇಲ್ಲೇ ಕೂತು ಕೈಯಾಗೆ ಮೋಟರ್ ಹಾಕ್ಬೇಕು. ಬಿಟ್ಟು ಹೋದ್ರೆ ಈ ಬಿಸಿಲಿಗೆ ಸಸಿ ಉಳಿಯಲ್ಲ. ಹೆಂಗೆ ಮಾಡ್ಲಿ?"

ಪಾಪ ಅನ್ನಿಸಿತು. ಹೊನ್ನಾಳಿಯಿಂದ ನಾನು ಓಡಿದರೂ ಬಸ್ಸು ನಿಲ್ಲುವುದಿಲ್ಲ. ಫ್ಯೂಸ್ ಹಾಕಿಸಿ, ಮತ್ತೆ ಫೈಲು ತೆರೆಸಿದೆ. ಅರ್ಧಕ್ಕೆ ನಿಂತ ಕೆಲಸದ ನಕಲು ನನ್ನ ಹತ್ತಿರ ಇದೆ, ಬೇಕೇ ಎಂದು ವಿಐ ಕೇಳಿತು. ಬೇಕು ಅನ್ನಲು ಒಂದೇ ಕೀಲಿ. ಗಂಗಮ್ಮ ತಿದ್ದಿದ್ದೆಲ್ಲ ಹಾಗೇ ಇತ್ತು! ಕರೆಂಟನ್ನು ನಂಬದ ಜನವೇ ಇದನ್ನು ಮಾಡಿರಬೇಕು, ಬಹುಶಃ ನಮ್ಮ ತಾಲ್ಲೂಕಿನ ಕಡೆಯವರು.

"ಈಗ ಎಸ್ಕೇಪ್ ಒತ್ರಿ. ಕೋಲನ್, ಡಬ್ಲ್ಯೂ, ಕ್ಯೂ. ಎಂಟರ್."

ಆ ಕಡೆ ಒಂದೊಂದೇ ಕೀಲಿ ಟಕ್ ಟಕ್ ಎಂದಿತು. ಆಮೇಲೆ, "ಬಂದೆ ರೀ ಹೊರಗೆ" ಎಂದರು. ಬಸ್ಸು ಸಿಕ್ಕಿತು. ಸಂಜೆ ಜಗಳೂರಿನಿಂದ ಬಳೆ ತೊಟ್ಟ ಮಗಳ ಫೋಟೋ ಬಂತು.

ಮುಂದಿನ ವಾರ ಪಾಳಿ ಬದಲಾಯಿತು. ಬೆಳಿಗ್ಗೆಯಿಂದ ಫೋನು ಹಿಡಿದೇ ಕೂತೆ, ಕರೆ ಬರಲಿಲ್ಲ. ತಡೆಯಲಾರದೆ ನಾನೇ ಮಾಡಿದೆ.

"ಆಗ್ಲೇ ಆಯ್ತು ಮೇಷ್ಟ್ರೇ. ತ್ಯಾವಣಿಗೆಯಿಂದ ಇನ್ನೊಬ್ರು ನರ್ಸರಿಯವ್ರು ಬಂದಾರೆ, ಅವ್ರಿಗೆ ಕಲಿಸ್ತಿದೀನಿ. ಆಮೇಲೆ ಫೋನ್ ಮಾಡ್ತೀನಿ." ಫೋನಿಡಲು ಮರೆತು ಅತ್ತ ತಿರುಗಿ ಪಾಠ ಮುಂದುವರಿಸಿದರು. "ನೋಡ್ರೀ, ಮೊದ್ಲು ಹೊರಗೆ ಬರಾದು ಕಲೀರಿ. ಆಮೇಲೆ ಒಳಗೆ ಹೋಗಾಕೆ ಹೆದ್ರಿಕೆ ಇರಲ್ಲ."

ಇಪ್ಪತ್ತು ವರ್ಷ ನಾನು ಪಾಠವನ್ನು ಒಳಗೆ ಹೋಗುವುದರಿಂದಲೇ ಶುರು ಮಾಡುತ್ತಿದ್ದೆ. ಫೋನು ಕಿವಿಗೆ ಒತ್ತಿಕೊಂಡು, ಅವರ ಪಾಠವನ್ನು ಪೂರ್ತಿ ಕೇಳಿಸಿಕೊಂಡೆ.