ಕೌದಿಯಲ್ಲಿ ಖಾಲಿ ಬಿಟ್ಟ ಜಾಗ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಕಲಿಪಾ ಎಜೆ ಎರಡು ವರ್ಷದ ಮಗುವಿನ ಗಂಟಲಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ನಾರಿನ್ ಕಣಿವೆಯ ನಮ್ಮ ಆಸ್ಪತ್ರೆಯಲ್ಲಿ ಅವರು ಇಪ್ಪತ್ತಾರು ವರ್ಷಗಳಿಂದ ನರ್ಸ್. ಊರಿಗೆಲ್ಲ ಎಜೆ, ಅಕ್ಕ. ನಾನು ಪ್ರಯೋಗಾಲಯದವಳು.

"ಟಾನ್ಸಿಲ್ಲೇ ಕಾಣ್ತಿಲ್ಲ. ತೆಗೆಸಿದ್ರಾ?"

"ಇಲ್ಲ ಎಜೆ," ಎಂದಳು ತಾಯಿ ಬುರುಲ್.

ಮಗುವಿಗೆ ಅದು ಐದನೇ ನ್ಯುಮೋನಿಯಾ. ಗಂಡು ಮಗು, ಸಾವಿಗೆ ಗುರುತು ಸಿಗದಿರಲೆಂದು ಹೆಣ್ಣುಮಕ್ಕಳ ಅಂಗಿ ತೊಡಿಸಿ, ಓಲೆ ಹಾಕಿದ್ದರು. ಹೆಸರು ತೊಕ್ತೊಸುನ್, 'ನಿಲ್ಲಲಿ' ಎಂದು. ಇವನ ಅಣ್ಣ ನಿಂತಿರಲಿಲ್ಲ.

"ಮನೆತನದಲ್ಲಿ ಹೀಗೆ ಯಾರಾದ್ರೂ ತೀರ್ಕೊಂಡಿದ್ರಾ?"

ಜೊತೆಗೆ ಬಂದಿದ್ದ ಬುರುಲಳ ಗಂಡನ ತಂದೆ ಅಸನಕುನ್ ಅತಾ, ಎಂದರೆ ಅಜ್ಜ, ಬೆನ್ನು ನೆಟ್ಟಗೆ ಮಾಡಿಕೊಂಡರು. ನಮ್ಮಲ್ಲಿ ಏಳು ತಲೆಮಾರಿನ ತಂದೆಯರ ಹೆಸರು ಹೇಳಲಾರದವನಿಗೆ ಮರ್ಯಾದೆಯಿಲ್ಲ. ಏಳನ್ನೂ ಹೇಳಿದರು. "ಎಪ್ಪತ್ತು ವರ್ಷ ತುಂಬೋಕೆ ಮುಂಚೆ ಹೋದೋನು ಒಬ್ನೇ. ಕುಡಿದು ಕುದುರೆಯಿಂದ ಬಿದ್ದ."

"ಹಾಗಾದ್ರೆ ಕಾಯಿಲೆ ಕುದುರೆಗಿತ್ತು ಬಿಡಿ, ಅತಾ. ಬುರುಲಳ ತಾಯಿ, ಆ ತಾಯಿಯ ತಾಯಿ ಕಡೆ ಹೇಗೆ?"

"ಹೆಂಗಸರ ಕಡೇದನ್ನ ಯಾರಮ್ಮ ನೆನಪಿಟ್ಕೋತಾರೆ?"

ಬುರುಲ್ ಮಗುವಿಗೆ ಹೊದಿಸಿದ್ದ ಕೌದಿಯನ್ನು ಮೇಜಿನ ಮೇಲೆ ಹರಡಿದಳು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಅವಳಿಗೆ ಬಂದದ್ದು. ನಡುವೆ ಅಂಗೈಯಗಲದ ತುಂಡುಗಳು. ಪ್ರತಿಯೊಂದರಲ್ಲೂ ಗುಂಡಿ ಹಾಕಿದ ಪುಟ್ಟ ಕಾಲರ್.

"ತೀರ್ಕೊಂಡ ಹುಡುಗರ ಅಂಗಿಗಳು. ಅಜ್ಜಿಯ ತಮ್ಮಂದಿರು ಇಬ್ರು," ಎಂದು ಒಂದೊಂದನ್ನೇ ಮುಟ್ಟಿದಳು. "ಅಮ್ಮನ ಅಣ್ಣತಮ್ಮಂದಿರು ನಾಲ್ಕು ಜನ. ನನ್ನ ತಮ್ಮಂದಿರು ಇಬ್ರು. ಇದು ನನ್ನ ಮೊದಲನೆಯವನು."

ಅದರ ಪಕ್ಕದಲ್ಲಿ ಒಂದು ಚೌಕ ಖಾಲಿ. ಅಂಚು ಮಾತ್ರ ಮಡಿಸಿ ಹೊಲಿದಿತ್ತು.

"ಈ ಖಾಲಿ ಚೌಕ ಹೊಲಿದೋಳು ನಾನಲ್ಲ, ಎಜೆ. ನನ್ನ ಕೈಗೆ ಬಂದಾಗ್ಲೇ ಹೀಗಿತ್ತು."

ಅತಾ ಮುಖ ತಿರುಗಿಸಿಕೊಂಡರು. ಎಜೆ ಕಾಲರ್‌ಗಳನ್ನು ಬೆರಳಿಟ್ಟು ಗಟ್ಟಿಯಾಗಿ ಎಣಿಸಿದರು.

ನಾನು ಮಗುವಿನ ರಕ್ತವನ್ನು ರಾಜಧಾನಿ ಬಿಷ್ಕೆಕ್‌ಗೆ ಕಳಿಸಿದೆ. ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳು ಹೆಚ್ಚುಕಡಿಮೆ ಸೊನ್ನೆ. ಅವನ್ನು ತಯಾರಿಸಬೇಕಾದ ಬಿ ಕೋಶಗಳೇ ಇರಲಿಲ್ಲ. ಟಾನ್ಸಿಲ್ ಕಾಣದಿದ್ದದ್ದೂ ಅದಕ್ಕೇ. ದೋಷವಿದ್ದದ್ದು ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿ. ಆ ದೋಷ ಹೊತ್ತ ಹೆಂಗಸರನ್ನು ಅದು ಕಾಡುವುದಿಲ್ಲ, ಅವರ ಗಂಡುಮಕ್ಕಳಲ್ಲಿ ಕೆಲವರನ್ನು ಹಿಡಿಯುತ್ತದೆ. ಆ ಜೀನನ್ನೇ ತಿದ್ದುವ ಸಂಶೋಧನೆ ಇನ್ನೂ ರೋಗಿಯ ಹಾಸಿಗೆಯವರೆಗೆ ಬಂದಿಲ್ಲ. ಬರುವವರೆಗೆ, ಸಾವಿರಾರು ಅಪರಿಚಿತರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ನಾಲ್ಕು ವಾರಕ್ಕೊಮ್ಮೆ ಕೊಡುತ್ತಿರಬೇಕು.

ಸೂಜಿ ಚುಚ್ಚುವುದು ಎಜೆಯ ಕೆಲಸ. ತೊಕ್ತೊಸುನ್‌ಗೆ ಈಗ ಹನ್ನೊಂದು ವರ್ಷ, ಓಲೆ ತೆಗೆದುಹಾಕಿದ್ದಾನೆ. ಬುರುಲ್ ಇಂದಿಗೂ ಅದೇ ಕೌದಿ ಹೊದಿಸುತ್ತಾಳೆ. ಔಷಧಿ ಹನಿಯುತ್ತಿರುವಾಗ ಎಜೆ ಆ ಖಾಲಿ ಚೌಕವನ್ನೊಮ್ಮೆ ಸವರಿ ನೋಡುತ್ತಾರೆ. ಕಾಲರ್‌ಗಳು ಅಂದು ಅವರು ಗಟ್ಟಿಯಾಗಿ ಹೇಳಿದಷ್ಟೇ ಇವೆ: ಒಂಬತ್ತು.